ಫರಸಿ ಕಲ್ಲಿನ ಸೀಮೆ: ಕಣ್ಣು, ಕಿವಿ, ಅಂಗಾಲುಗಳ ನೆನಪು

ಶಹಾಬಾದನ್ನು ಕಾಣದವರಿಗೂ ಶಹಾಬಾದ್ ಗೊತ್ತು. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಎಷ್ಟೋ ಹಳೆಯ ಮನೆಗಳ ಅಡುಗೆಮನೆಯಲ್ಲಿ, ಶಾಲೆಯ ವರಾಂಡದಲ್ಲಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಆ ಊರಿನ ಬೂದುಬಣ್ಣದ ಚಪ್ಪಡಿ ಇದೆ. ಬೇಸಿಗೆಯ ಮಧ್ಯಾಹ್ನ ಬರಿಮೈಯಲ್ಲಿ ಅದರ ಮೇಲೆ ಅಂಗಾತ ಮಲಗಿದವರಿಗೆ ಆ ಕಲ್ಲಿನ ತಂಪು ಬೆನ್ನಿನಲ್ಲಿ ಉಳಿದಿರುತ್ತದೆ. ಸ್ಥಳೀಯರು ಅದನ್ನು ಫರಸಿ ಎನ್ನುತ್ತಾರೆ. ಒಂದು ಊರು ತನ್ನ ಹೆಸರನ್ನು ನಕಾಶೆಯಿಂದಲ್ಲ, ಜನರ ಅಂಗಾಲಿನ ಮೂಲಕ ದೇಶಕ್ಕೆ ತಿಳಿಸಿದ ಉದಾಹರಣೆಗಳು ಹೆಚ್ಚಿಲ್ಲ.

ಸ್ಥಳ ಮತ್ತು ನೆನಪಿನ ಸಂಬಂಧ ಈಚಿನ ದಶಕಗಳಲ್ಲಿ ಕಲಾವಿದರ, ಚಿತ್ರ ನಿರ್ದೇಶಕರ ಮೆಚ್ಚಿನ ವಿಷಯವಾಗಿದೆ. ಕೇವಲ ನೋಡುವ ಕಲೆ ಸಾಲದು. ಕೇಳುವ, ಮುಟ್ಟುವ, ಮೂಸುವ ಅನುಭವವೂ ಕಲೆಯೊಳಗೆ ಬರಬೇಕು ಎಂಬುದು ಅವರ ವಾದ. ಮೇಲುನೋಟಕ್ಕೆ ಇದು ಮಹಾನಗರದ ಗ್ಯಾಲರಿಗಳ ಮಾತಿನಂತೆ ಕೇಳಿಸುತ್ತದೆ. ಆದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಈ ಮಾತನ್ನು ಪರೀಕ್ಷಿಸಿ ನೋಡುವಷ್ಟು ಸಾಮಗ್ರಿ ಬಿದ್ದುಕೊಂಡಿದೆ. ಬಿದ್ದುಕೊಂಡಿದೆ ಎಂಬ ಶಬ್ದವನ್ನು ಬೇಕೆಂದೇ ಬಳಸಿದ್ದೇನೆ.

ಮೊದಲು ನೆಲದ ವಿಷಯ. ಕಾಗಿಣಾ ಮತ್ತು ಭೀಮಾ ನದಿಗಳ ಈ ಪ್ರದೇಶದಲ್ಲಿ ಕಪ್ಪು ಎರೆಮಣ್ಣಿನ ಕೆಳಗೆ ಸುಣ್ಣದ ಕಲ್ಲಿನ ಪದರಗಳಿವೆ. ಭೂವಿಜ್ಞಾನಿಗಳು ಇದನ್ನು ಭೀಮಾ ಕೊಳ್ಳದ ಶಿಲಾಸಮೂಹ ಎಂದು ಕರೆಯುತ್ತಾರೆ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ನುಣ್ಣನೆಯ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಇದು. ಹಾಗೆ ಕೂತದ್ದರಿಂದಲೇ ಹಾಳೆ ಬಿಡಿಸಿದಂತೆ ಬಿಡಿಸಲು ಬರುತ್ತದೆ. ಖಣಿಯಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಹದವಾಗಿ ಹೊಡೆಯುತ್ತ ಹೋದರೆ ಪದರದ ಗುಂಟ ಸೀಳು ಓಡಿ ಚಪ್ಪಡಿ ಏಳುತ್ತದೆ. ಇದೇ ಕಲ್ಲು ಇಲ್ಲಿಯ ಮನೆಗಳಿಗೆ ನೆಲ, ಗೋಡೆ, ಎಷ್ಟೋ ಕಡೆ ಮಾಳಿಗೆಯೂ ಹೌದು. ಇದೇ ಕಲ್ಲನ್ನು ಪುಡಿಮಾಡಿ, ಜೇಡಿಯಂಥ ಪದಾರ್ಥ ಸೇರಿಸಿ, ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟರೆ ಸಿಮೆಂಟಿನ ಮೂಲವಸ್ತು ಸಿಗುತ್ತದೆ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನದೂ ಅವುಗಳಲ್ಲೊಂದಾಗಿತ್ತು. ಆಮೇಲೆ ವಾಡಿ, ಸೇಡಂ, ಮಳಖೇಡಗಳಲ್ಲಿ ದೊಡ್ಡ ಕಾರ್ಖಾನೆಗಳು ಬಂದವು. ಇದೇ ಕಲ್ಲನ್ನು ಎರಡು ಸಾವಿರ ವರ್ಷಗಳ ಹಿಂದೆ ಶಿಲ್ಪಿಗಳು ಕಂಡರಿಸಿದರು. ಒಂದೇ ಕಲ್ಲು ಹಾಸಾಗಿ, ಹೊಗೆಯಾಗಿ, ಚಿತ್ರವಾಗಿ ಮೂರು ದಾರಿ ಹಿಡಿದಿದೆ.

ಚಿತ್ರವಾದ ಕಲ್ಲನ್ನು ನೋಡಬೇಕೆಂದರೆ ಭೀಮಾ ದಂಡೆಯ ಸನ್ನತಿಗೆ ಹೋಗಬೇಕು. ಚಿತ್ತಾಪುರ ತಾಲ್ಲೂಕಿನ ಈ ಊರು ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಭಕ್ತರಿಗೆ ಪರಿಚಿತ. 1954ರಲ್ಲಿ ಕಪಟರಾಳ ಕೃಷ್ಣರಾಯರು ಇಲ್ಲಿಯ ಬೌದ್ಧ ಅವಶೇಷಗಳನ್ನು ವಿದ್ವಾಂಸರ ಗಮನಕ್ಕೆ ತಂದರು. 1986ರಲ್ಲಿ ಗುಡಿಯ ಆವರಣದ ಕಾಳಿ ಮಂದಿರದ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯನ್ನು ಎತ್ತಿ ನೋಡಿದರೆ ಅದರ ಮೇಲೆ ಬ್ರಾಹ್ಮೀ ಅಕ್ಷರಗಳು! ಅಶೋಕನ ಹನ್ನೆರಡು ಮತ್ತು ಹದಿನಾಲ್ಕನೆಯ ಶಾಸನಗಳು, ಜೊತೆಗೆ ಅದುವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಪ್ರತ್ಯೇಕ ಶಾಸನಗಳು. ಮೂರ್ತಿಯನ್ನು ನಿಲ್ಲಿಸಲು ಚಪ್ಪಡಿಯ ನಡುವೆ ಕೊರೆದ ಕುಳಿಯಲ್ಲಿ ಒಂದಷ್ಟು ಅಕ್ಷರಗಳು ಹೋಗಿದ್ದವು. ಕೊರೆದವರಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಅವರಿಗೆ ಅದೊಂದು ಒಳ್ಳೆಯ, ಸಮತಟ್ಟಾದ ಫರಸಿ.

1994ರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಪಕ್ಕದ ಕನಗನಹಳ್ಳಿಯಲ್ಲಿ ಉತ್ಖನನ ನಡೆಸಿತು. ಅಲ್ಲಿ ಹೊರಬಂದದ್ದು ಶಾಸನಗಳು ಅಧೋಲೋಕ ಮಹಾಚೈತ್ಯವೆಂದು ಕರೆಯುವ ದೊಡ್ಡ ಸ್ತೂಪ. ಅದರ ದುಂಡು ಮೈಗೆ ಹೊದಿಸಿದ್ದ ಸ್ಥಳೀಯ ಸುಣ್ಣದ ಕಲ್ಲಿನ ಫಲಕಗಳ ಮೇಲೆ ಜಾತಕ ಕಥೆಗಳಿವೆ, ಬುದ್ಧನ ಬದುಕಿನ ಪ್ರಸಂಗಗಳಿವೆ, ಸಾತವಾಹನ ಅರಸರಿದ್ದಾರೆ. ಒಂದು ಫಲಕದಲ್ಲಿ ಛತ್ರ ಚಾಮರಗಳ ನಡುವೆ ರಾಣಿಯೊಡನೆ ನಿಂತ ಅರಸನೊಬ್ಬನಿದ್ದಾನೆ. ಮೇಲೆ ‘ರಾಯ ಅಸೋಕೊ’ ಎಂದು ಬರೆದಿದೆ. ಅಶೋಕನೆಂಬ ಹೆಸರು ಸ್ಪಷ್ಟವಾಗಿ ಸಿಕ್ಕಿದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಹೆಸರು ಬರೆದ ಅವನ ಚಿತ್ರ ಸಿಕ್ಕಿದ್ದು ಇಲ್ಲಿ. ಎರಡೂ ನಮ್ಮ ಈ ಬಿಸಿಲು ನಾಡಿನಲ್ಲಿಯೇ ಎಂಬುದನ್ನು ಶಾಲೆಯ ಮಕ್ಕಳಿಗೆ ಇನ್ನೂ ಒತ್ತಿ ಹೇಳಬೇಕಾಗಿದೆ.

ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಅಶೋಕ ತೀರಿಕೊಂಡದ್ದು ಕ್ರಿ.ಪೂ. 232ರ ಸುಮಾರಿಗೆ. ಈ ಶಿಲ್ಪವನ್ನು ಕೆತ್ತಿದ್ದು ಅದಾಗಿ ಎರಡು ಮೂರು ಶತಮಾನಗಳ ನಂತರ. ಕೆತ್ತಿದವನಾಗಲಿ, ಅವನ ಅಜ್ಜನ ಅಜ್ಜನಾಗಲಿ ಅಶೋಕನನ್ನು ಕಂಡಿರಲಿಲ್ಲ. ಆದ್ದರಿಂದ ಇದು ಅಶೋಕನ ಮುಖವಲ್ಲ. ಅಶೋಕನನ್ನು ಕುರಿತು ಈ ಊರು ಇಟ್ಟುಕೊಂಡಿದ್ದ ನೆನಪಿನ ಮುಖ. ಆಮೇಲೊಂದು ಕಾಲದಲ್ಲಿ ಇದೇ ಪರಿಸರದ ಜನ ಅವನ ಅಕ್ಷರಗಳನ್ನು ಪೂರ್ತಿ ಮರೆತು ಪೀಠ ಮಾಡಿಕೊಂಡರು. ನೆನಪು, ಮರೆವು ಎರಡೂ ಒಂದೇ ನೆಲದಲ್ಲಿ, ಒಂದೇ ಜಾತಿಯ ಕಲ್ಲಿನಲ್ಲಿ ಹೀಗೆ ಪಕ್ಕಪಕ್ಕದಲ್ಲಿ ಸಿಗುವುದು ಅಪರೂಪ.

ಈ ಫಲಕಗಳನ್ನು ಜನ ಹೇಗೆ ನೋಡುತ್ತಿದ್ದರು ಎಂಬುದನ್ನು ಸ್ವಲ್ಪ ಯೋಚಿಸೋಣ. ಸ್ತೂಪವನ್ನು ಬಲಗಡೆಗಿಟ್ಟುಕೊಂಡು ಪ್ರದಕ್ಷಿಣೆ ಹಾಕುವುದು ಪದ್ಧತಿ. ನಡೆಯುತ್ತ ಹೋದಂತೆ ಒಂದಾದ ಮೇಲೊಂದು ಚಿತ್ರ ಎದುರಾಗುತ್ತದೆ; ಹಲವಕ್ಕೆ ಚಿಕ್ಕ ಶೀರ್ಷಿಕೆ ಉಂಟು. ಸಿನಿಮಾದಲ್ಲಿ ಪ್ರೇಕ್ಷಕ ಕೂತಿರುತ್ತಾನೆ, ಚಿತ್ರ ಓಡುತ್ತದೆ. ಇಲ್ಲಿ ಚಿತ್ರ ನಿಂತಿದೆ, ಪ್ರೇಕ್ಷಕ ಚಲಿಸುತ್ತಾನೆ. ಕಾಲಡಿಗೆ ಕಾದ ಹಾಸುಗಲ್ಲು, ಹೊತ್ತಿಗೆ ತಕ್ಕಂತೆ ಸರಿಯುವ ನೆರಳು, ಪಕ್ಕದವರ ಪಿಸುಮಾತು, ಹೂವಿನ ವಾಸನೆ ಎಲ್ಲವೂ ಆ ನೋಟದ ಭಾಗವೇ. ಕೆಲವು ಫಲಕಗಳಲ್ಲಿ ಬುದ್ಧನ ಜಾಗದಲ್ಲಿ ಬರಿಯ ಆಸನ, ಬೋಧಿವೃಕ್ಷ ಅಥವಾ ಪಾದದ ಗುರುತು ಮಾತ್ರ ಇದೆ. ಉಳಿದದ್ದನ್ನು ನೋಡುವವನು ತನ್ನ ಮನಸ್ಸಿನಿಂದ ತುಂಬಿಕೊಳ್ಳಬೇಕು. ಒಳ್ಳೆಯ ಸಿನಿಮಾ ನಿರ್ದೇಶಕರೂ ಮಾಡುವುದು ಇದನ್ನೇ. ತೋರಿಸದೆ ಬಿಟ್ಟದ್ದರಿಂದ ಅವರ ಶಕ್ತಿ ಬರುತ್ತದೆ. ಪಂಚೇಂದ್ರಿಯಗಳ ಕಲೆ ಎಂದು ಇಂದು ಹೊಸದಾಗಿ ಹೇಳುತ್ತಿರುವುದು ಇಲ್ಲಿ ಆಗಲೇ ನಡೆದಿತ್ತು. ಅದಕ್ಕೆ ಅವರು ಹೆಸರಿಟ್ಟಿರಲಿಲ್ಲ, ಅಷ್ಟೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಉತ್ಖನನ ಮುಗಿದ ನಂತರ ವರ್ಷಗಟ್ಟಲೆ ಈ ಶಿಲ್ಪಗಳು ಬಯಲಿನಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿಕೊಂಡಿದ್ದವು. ಮಳೆನೀರಿನಲ್ಲಿ ಸ್ವಲ್ಪ ಆಮ್ಲದ ಅಂಶವಿರುತ್ತದೆ. ಸುಣ್ಣದ ಕಲ್ಲು ಅದರಲ್ಲಿ ಅತಿ ನಿಧಾನವಾಗಿ ಕರಗುತ್ತದೆ. ಮನೆಯ ಅಂಗಳದ ಫರಸಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಒಂದು ಕಣ್ಣಿನ ರೆಪ್ಪೆಯ ಗೆರೆ, ಒಂದು ಬ್ರಾಹ್ಮೀ ಅಕ್ಷರದ ಅಂಚು ಕೂದಲೆಳೆಯಷ್ಟು ಸವೆದರೂ ಹೋದದ್ದು ಹೋದದ್ದೇ. 2022ರಲ್ಲಿ ಸ್ತೂಪದ ಸಂರಕ್ಷಣೆಯ ಕೆಲಸ ಶುರುವಾಯಿತು. ತಡವಾಯಿತು ಎಂದು ಹೇಳಲು ವಿಶೇಷ ಪಾಂಡಿತ್ಯ ಬೇಕಿಲ್ಲ.

ಇನ್ನು ಕಿವಿಯ ವಿಷಯ. ಕೆನಡಾದ ಸಂಗೀತಗಾರ ಮರ್ರಿ ಶೇಫರ್ ಮತ್ತು ಗೆಳೆಯರು 1970ರ ದಶಕದ ಆರಂಭದಲ್ಲಿ ವ್ಯಾಂಕೂವರ್ ನಗರದ ಸದ್ದುಗಳನ್ನು ಧ್ವನಿಮುದ್ರಿಸಿದರು. ಹಡಗಿನ ಕೊಂಬು, ಗಂಟೆ, ಸಂತೆಯ ಗದ್ದಲ ಎಲ್ಲವನ್ನೂ. ಊರಿಗೆ ಹೆಗ್ಗುರುತಿನ ಕಟ್ಟಡವಿರುವಂತೆ ಹೆಗ್ಗುರುತಿನ ಸದ್ದೂ ಇರುತ್ತದೆ, ಕಟ್ಟಡ ಕೆಡವಿದರೆ ಎಲ್ಲರೂ ಕೂಗುತ್ತಾರೆ, ಸದ್ದು ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವರ ಚಿಂತೆಯಾಗಿತ್ತು.

ವಾಡಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಗೆ ಸೇರಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಚಿತ್ತಾಪುರ, ಮಳಖೇಡ ರಸ್ತೆ, ಸೇಡಂ ದಾಟಿ ಹೋಗುವ ದಾರಿ ಅದು. (ಶಾಸನಗಳ ಸೇಡಿಂಬ, ಜನರ ಬಾಯಿಯ ಸೇಡಂ, ರೈಲ್ವೆಯ ಇಂಗ್ಲಿಷ್ ಹಲಗೆಯ ಮೇಲೆ ಮಾತ್ರ ‘ಸೇರಂ’ ಆಗಿ ಕೂತಿದೆ.) ಲಿಯಾನ್ ನಗರದ ಲ್ಯೂಮಿಯೇರ್ ಸಹೋದರರ ಚಲನಚಿತ್ರ ಮುಂಬಯಿಯ ವ್ಯಾಟ್ಸನ್ ಹೋಟೆಲಿಗೆ ಬಂದದ್ದು 1896ರ ಜುಲೈ 7ರಂದು. ರೈಲೊಂದು ನಿಲ್ದಾಣಕ್ಕೆ ಬರುವ ಅವರ ಪುಟ್ಟ ಚಿತ್ರ ಜಗತ್ತಿನಾದ್ಯಂತ ಹೆಸರಾಯಿತು. ಆ ಹೊತ್ತಿಗೆ ವಾಡಿಯ ಜನ ಅದೇ ದೃಶ್ಯವನ್ನು ಇಪ್ಪತ್ತೆರಡು ವರ್ಷಗಳಿಂದ ದಿನವೂ, ಅದೂ ಸದ್ದು, ಹೊಗೆ, ಕಲ್ಲಿದ್ದಲಿನ ವಾಸನೆಯ ಸಮೇತ ನೋಡುತ್ತಿದ್ದರು. ಲ್ಯೂಮಿಯೇರರ ರೈಲು ಮೂಕವಾಗಿತ್ತು.

ಕನ್ನಡ, ಉರ್ದು, ತೆಲುಗು, ಮರಾಠಿ ಒಂದೇ ಬೆಂಚಿನ ಮೇಲೆ ಕೂತು ಮಾತಾಡುವ ಸದ್ದು ವಾಡಿ ಜಂಕ್ಷನ್ನಿನ ಗುರುತು. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಫೀಸಿನ ಮಾತು ಉರ್ದು, ಮನೆಯ ಮಾತು ಕನ್ನಡ. ಇಂದಿಗೂ ಇಲ್ಲಿಯ ಕನ್ನಡದಲ್ಲಿ ಕಚೇರಿ, ಜಮೀನು, ಊಟ, ಬೈಗುಳ ಎಲ್ಲಕ್ಕೂ ಆ ಕೂಡುಬಾಳಿನ ಬಣ್ಣವಿದೆ. ನಮ್ಮ ಸಿನಿಮಾಗಳು ಈ ಮಾತನ್ನು ಬಹುಪಾಲು ನಗೆಗಾಗಿ ಬಳಸಿವೆ. ನಾಯಕನ ಬಾಯಿಗೆ ಹಳೆ ಮೈಸೂರಿನ ಕನ್ನಡ, ಅವನ ಹಿಂದೆ ನಿಂತ ಪೆದ್ದನಿಗೆ ‘ಹೊಂಟದ’, ‘ಬರತದ’. ಒಂದು ಸೀಮೆಯ ನೆನಪನ್ನು ಕೆಡಿಸಲು ಇದಕ್ಕಿಂತ ಸುಲಭದ ಉಪಾಯ ಬೇರೆ ಇಲ್ಲ. ಸ್ಥಳದಲ್ಲೇ ಧ್ವನಿ ಮುದ್ರಿಸಿ, ಊರಿನವರಿಂದಲೇ ನಟನೆ ಮಾಡಿಸಿದರೆ ಏನಾಗುತ್ತದೆ ಎಂಬುದನ್ನು ಮಂಡ್ಯ ಸೀಮೆಯ ‘ತಿಥಿ’ 2015ರಲ್ಲಿ ತೋರಿಸಿತು. ಕಾಗಿಣಾ ಸೀಮೆಯ ಮಾತಿಗೂ ಅಂಥ ಕಿವಿ ಬೇಕು.

ಚಿಂಚೋಳಿಗೆ ಇಂದಿಗೂ ರೈಲಿಲ್ಲ. ಅಲ್ಲಿ ಗುಡ್ಡ, ಕುರುಚಲು ಕಾಡು, ಚಂದ್ರಂಪಳ್ಳಿಯ ಕೆರೆ, 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ ಇವೆ. ಅನೇಕ ತಾಂಡಾಗಳಿವೆ. ಲಂಬಾಣಿ ಭಾಷೆಗೆ ತನ್ನದೇ ಲಿಪಿಯಿಲ್ಲದ ಕಾರಣ ಅವರ ಚರಿತ್ರೆಯೆಲ್ಲ ಹಾಡಿನಲ್ಲಿ, ಕಸೂತಿಯಲ್ಲಿ ಉಳಿದಿದೆ. ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳಲ್ಲಿ ಹಾಡುವ ಅಜ್ಜಿ ತಾಂಡಾದಲ್ಲಿ, ಕೇಳಬೇಕಾದ ಮೊಮ್ಮಗಳು ಕಟ್ಟಡದ ಕೆಲಸದ ಶೆಡ್ಡಿನಲ್ಲಿ. ಬರೆದಿಟ್ಟದ್ದು ಕಪಾಟಿನಲ್ಲಿ ನೂರು ವರ್ಷ ಕಾಯಬಲ್ಲದು. ಬಾಯಿಂದ ಬಾಯಿಗೆ ದಾಟಬೇಕಾದದ್ದಕ್ಕೆ ಒಂದು ತಲೆಮಾರಿನ ಅಂತರವೂ ಅಪಾಯ.

ಮೂಗಿನ ಕಥೆ ಇನ್ನೂ ವಿಚಿತ್ರ. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮಿದುಳಿನ ಒಂದು ನಡುನಿಲ್ದಾಣವನ್ನು ಹಾದು ಮುಂದಕ್ಕೆ ಹೋಗುತ್ತವೆ. ವಾಸನೆಯ ಸಂಕೇತ ಮಾತ್ರ ಆ ನಿಲ್ದಾಣದಲ್ಲಿ ನಿಲ್ಲದೆ, ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ನೇರವಾಗಿ ಮುಟ್ಟುತ್ತದೆ. ಒಂದು ವಾಸನೆ ಬಂದೊಡನೆ ಇಪ್ಪತ್ತು ವರ್ಷ ಹಿಂದಿನ ಅಡುಗೆಮನೆ ಕಣ್ಣೆದುರು ನಿಲ್ಲುವುದಕ್ಕೆ ಇದು ಒಂದು ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಫ್ರೆಂಚ್ ಕಾದಂಬರಿಕಾರ ಪ್ರೂಸ್ತ್ ಚಹಾದಲ್ಲಿ ಅದ್ದಿದ ಒಂದು ಕೇಕಿನ ತುಣುಕಿನಿಂದ ಬಾಲ್ಯವನ್ನೆಲ್ಲ ಎಬ್ಬಿಸಿದ್ದು ಸಾಹಿತ್ಯದಲ್ಲಿ ಪ್ರಸಿದ್ಧ. ನಮ್ಮಲ್ಲಿ ಆ ಕೆಲಸವನ್ನು ಬಿಸಿ ಹಂಚಿನ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಮಾಡುತ್ತವೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಂದರೆ ಒಂದು ರುಚಿ ಒಂದು ನೆಲಕ್ಕೆ ಸೇರಿದ್ದೆಂದು ಸರಕಾರವೂ ಒಪ್ಪಿದಂತಾಯಿತು.

ಮೊದಲ ಮಳೆ ಬಿದ್ದಾಗ ಎರೆಹೊಲದಿಂದ ಏಳುವ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ‘ಪೆಟ್ರಾ’ ಎಂದರೆ ಕಲ್ಲು, ‘ಇಕೋರ್’ ಎಂದರೆ ದೇವತೆಗಳ ನರಗಳಲ್ಲಿ ಹರಿಯುವ ದ್ರವ. ಒಣ ಹವೆಯಲ್ಲಿ ಕಲ್ಲು ಮಣ್ಣುಗಳು ಹೀರಿಕೊಂಡ ಎಣ್ಣೆಯ ಅಂಶ, ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕ ಇವು ಮಳೆಹನಿಯ ಪೆಟ್ಟಿಗೆ ಗಾಳಿಗೆ ಏಳುತ್ತವೆ. ಉತ್ತರ ಪ್ರದೇಶದ ಕನೌಜಿನವರು ಈ ವಾಸನೆಯನ್ನು ಭಟ್ಟಿಯಿಳಿಸಿ ಅತ್ತರು ಮಾಡಿ ಮಾರುತ್ತಾರೆ. ಸಿನಿಮಾದವರೂ ಕೈಹಾಕಿ ನೋಡಿದರು. 1960ರಲ್ಲಿ ‘ಸೆಂಟ್ ಆಫ್ ಮಿಸ್ಟರಿ’ ಎಂಬ ಅಮೆರಿಕನ್ ಚಿತ್ರಕ್ಕಾಗಿ ಪ್ರೇಕ್ಷಕರ ಆಸನಗಳಿಗೆ ಕೊಳವೆ ಜೋಡಿಸಿ, ದೃಶ್ಯಕ್ಕೆ ತಕ್ಕ ಪರಿಮಳ ಬಿಡಲಾಯಿತು. ಪ್ರಯೋಗ ಸೋತಿತು; ಅದು ಸೋತದ್ದೇ ಒಳ್ಳೆಯದಾಯಿತು. ಪರದೆಯ ಮೇಲೆ ಮೋಡ ಕವಿದು, ಎತ್ತು ತಲೆ ಎತ್ತಿ, ಧೂಳಿನಲ್ಲಿ ಮೊದಲ ಹನಿಯ ಗುಳಿ ಬಿದ್ದರೆ ಸಾಕು. ವಾಸನೆಯನ್ನು ಪ್ರೇಕ್ಷಕನೇ ತರುತ್ತಾನೆ. ಖಾಲಿ ಆಸನದಲ್ಲಿ ಬುದ್ಧನನ್ನು ಕಂಡ ಹಾಗೆ.

ಹಾಗಾದರೆ ಮಳಖೇಡದಂಥ ಊರನ್ನು ಚಿತ್ರಿಸುವುದು ಹೇಗೆ? ಸೇಡಂ ತಾಲ್ಲೂಕಿನ ಈ ಹಳ್ಳಿ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕನ್ನಡದ ಮೊದಲ ಉಪಲಬ್ಧ ಕೃತಿ ‘ಕವಿರಾಜಮಾರ್ಗ’ ಹುಟ್ಟಿತು. 972ರಲ್ಲಿ ಪರಮಾರ ಸೀಯಕ ನಗರವನ್ನು ಲೂಟಿ ಮಾಡಿದ. ಅಲ್ಲಿದ್ದ ಅಪಭ್ರಂಶ ಕವಿ ಪುಷ್ಪದಂತ ಆ ಹಾಳನ್ನು ಕಂಡು ಮರುಗಿದ. ಇಂದು ಅಲ್ಲಿ ಕಾಗಿಣೆಯ ದಂಡೆಯಲ್ಲಿ ಕೋಟೆ, ಬಸದಿ, ಮಾಧ್ವ ಪರಂಪರೆಯವರು ಜಯತೀರ್ಥರ ವೃಂದಾವನವೆಂದು ನಡೆದುಕೊಳ್ಳುವ ಸನ್ನಿಧಿ ಇವೆ, ತುಸು ದೂರಕ್ಕೆ ಸಿಮೆಂಟಿನ ಚಿಮಣಿ. ನೃಪತುಂಗನ ಸಿನಿಮಾ ಎಂದೊಡನೆ ನಮ್ಮವರಿಗೆ ಹೊಳೆಯುವುದು ಪ್ಲಾಸ್ಟರಿನ ಅರಮನೆ, ಬಾಡಿಗೆಯ ಕಿರೀಟ. ಫ್ರಾನ್ಸಿನ ಕ್ಲಾಡ್ ಲಾಂಝ್‌ಮನ್ 1985ರಲ್ಲಿ ಯಹೂದಿಗಳ ನರಮೇಧದ ಬಗ್ಗೆ ‘ಶೋಆ’ ಎಂಬ ಒಂಬತ್ತು ಗಂಟೆಗೂ ಮೀರಿದ ಚಿತ್ರ ತೆಗೆದಾಗ ಹಳೆಯ ಫಿಲ್ಮಿನ ಒಂದು ತುಣುಕನ್ನೂ ಬಳಸಲಿಲ್ಲ. ಘಟನೆ ನಡೆದ ಜಾಗಗಳು ಇಂದು ಹೇಗಿವೆಯೋ ಹಾಗೆ, ಹುಲ್ಲು ಬೆಳೆದ ಬಯಲಾಗಿಯೇ ತೋರಿಸಿ, ಬಲ್ಲವರನ್ನು ಮಾತಾಡಿಸಿದರು. ವಿಷಯ ಬೇರೆ, ನೋವಿನ ಪ್ರಮಾಣ ಬೇರೆ. ಆದರೂ ವಿಧಾನ ಕಲಿಯತಕ್ಕದ್ದು. ಮಳಖೇಡದ ತೊಗರಿ ಹೊಲದಲ್ಲಿ ಕ್ಯಾಮೆರಾ ಸುಮ್ಮನೆ ನಿಲ್ಲಿಸಿ, ಕೋಟೆಯ ಕಲ್ಲು ತೆಗೆದು ಕೊಟ್ಟಿಗೆ ಕಟ್ಟಿದವರ ಮಾತು ಕೇಳಿಸಿದರೆ ಕಿರೀಟದ ಅಗತ್ಯ ಬೀಳುವುದಿಲ್ಲ.

ಇದೇ ಸೀಮೆ ಸಿನಿಮಾಕ್ಕೆ ಬಣ್ಣ ಕೊಟ್ಟದ್ದೂ ಉಂಟು. ಕಲಬುರಗಿಯ ಎಸ್.ಎಂ. ಪಂಡಿತರು ಮುಂಬಯಿಯಲ್ಲಿ ಮೆಟ್ರೋ ಗೋಲ್ಡ್‌ವಿನ್ ಮೇಯರ್ ಚಿತ್ರಗಳ ಜಾಹೀರಾತು ಫಲಕಗಳನ್ನೂ, ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ಬರೆದವರು. ಊರ ಬಣ್ಣ ಹೊರಗಿನ ಪರದೆಗೆ ಹೋಯಿತು. ಪರದೆ ಈ ಊರುಗಳತ್ತ ತಿರುಗಿದ್ದು ಕಡಿಮೆ.

ದಾಖಲಿಸುವ ಕೆಲಸ ಈ ನೆಲಕ್ಕೆ ಹೊಸದೇನಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಶಾಸನ ಅಲ್ಲಿ ವೇದ ಓದುವ 200 ವಿದ್ಯಾರ್ಥಿಗಳನ್ನೂ, ಶಾಸ್ತ್ರ ಓದುವ ಹಲವರನ್ನೂ, ಅವರ ಉಪಾಧ್ಯಾಯರನ್ನೂ ಹೆಸರಿಸಿ, ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರಿಗೂ ಉಂಬಳಿ ಹೇಳುತ್ತದೆ. ಅವರು ಪುಸ್ತಕ ಕಾಯುವವರು. ಒಂಬೈನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರಂಥಪಾಲಕರಿಗೆ ಭೂಮಿ ಕೊಟ್ಟ ಊರು ಇದು. ಇಂದು ಧ್ವನಿಮುದ್ರಣಕ್ಕೆ ಬೇಕಾದ ಯಂತ್ರ ಎಲ್ಲರ ಜೇಬಿನಲ್ಲೂ ಇದೆ. ಭಂಡಾರಿಗ ಮಾತ್ರ ಇಲ್ಲ. ಜಿಲ್ಲೆಯ ಒಂದೊಂದು ಕಾಲೇಜೂ ತನ್ನ ಸುತ್ತಲಿನ ಹತ್ತು ಹಳ್ಳಿಗಳ ಸದ್ದು, ಹಾಡು, ಕಸುಬಿನ ಮಾತುಗಳನ್ನು ಮುದ್ರಿಸಿ, ಯಾರು, ಎಲ್ಲಿ, ಯಾವ ದಿನ ಎಂದು ಬರೆದಿಟ್ಟರೂ ದೊಡ್ಡ ಕೆಲಸವಾದೀತು. ಖಣಿಯಲ್ಲಿ ಚಪ್ಪಡಿಯನ್ನು ಬೆರಳಿನ ಗೆಣ್ಣಿನಿಂದ ಬಡಿದು, ಸದ್ದಿನಲ್ಲೇ ಒಳಸೀಳು ಹಿಡಿಯುವ ಹಿರಿಯರ ಕಿವಿ, ಗರಗಸದ ಯಂತ್ರ ಬಂದ ಮೇಲೆ ಯಾರಿಗೂ ಬೇಡವಾಗಿದೆ. ಮೊಹರಮ್ಮಿನ ರಾತ್ರಿ ಅಲಾಯಿ ಕುಣಿಯ ಸುತ್ತ ಹಿಂದೂ ಮುಸಲ್ಮಾನರು ಕೂಡಿ ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳು ಊರಿಂದೂರಿಗೆ ಬೇರೆ.

ಎಳ್ಳ ಅಮಾಸಿಯ ದಿನದಿಂದ ಶುರುಮಾಡಬಹುದು. ಡಿಸೆಂಬರ್ ಕೊನೆಗೋ ಜನವರಿಯ ಮೊದಲಿಗೋ ಬರುವ ಹಬ್ಬ. ಬಂಡಿಗಳೂ ಟ್ರ್ಯಾಕ್ಟರುಗಳೂ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತವೆ. ಸಜ್ಜಿ ರೊಟ್ಟಿ, ಕಡಬು, ಹತ್ತಾರು ಕಾಳು ಕಾಯಿಪಲ್ಯ ಕೂಡಿಸಿ ಕುದಿಸಿದ ಭಜ್ಜಿ. ಊಟಕ್ಕೆ ಮೊದಲು ಒಬ್ಬರು ಅನ್ನ ರೊಟ್ಟಿಯ ಚರಗವನ್ನು ಬೆಳೆಯ ಮೇಲೆ ಚೆಲ್ಲುತ್ತ, ಒಂದು ಕೂಗು ಕೂಗುತ್ತ ಮುಂದೆ ನಡೆಯುತ್ತಾರೆ. ಹಿಂದಿನವರು ನೀರು ಚಿಮುಕಿಸುತ್ತ ಆ ಕೂಗಿಗೆ ಮರುಕೂಗು ಕೊಡುತ್ತಾರೆ. ಆ ಕೂಗಿನ ಶಬ್ದಗಳು ಒಂದು ಊರಿನಲ್ಲಿದ್ದಂತೆ ಮುಂದಿನ ಊರಿನಲ್ಲಿಲ್ಲ. ಅಂದು ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆಯೊಳಗೆ ಸೇಡಂನಿಂದ ಚಿಂಚೋಳಿಯವರೆಗೆ ರಸ್ತೆಯ ಎರಡೂ ಬದಿಯ ಹೊಲಗಳಿಂದ ಅದು ಕೇಳಿಸುತ್ತದೆ.